ಹುಳುಮನೆಗೆ ಕಾಲಿಟ್ಟ ಹೊರಗಿನವಳು

ವಿರೂಪಾಕ್ಷಿಪುರದ ಹತ್ತಿರದ ಆ ಹಳ್ಳಿಯಲ್ಲಿ ಸಿದ್ದಮ್ಮನ ಕೋಪ ನೋಡದವರಿಲ್ಲ. ರೇಷ್ಮೆ ಹುಳು ಸಾಕುವುದರಲ್ಲೇ ತಲೆ ಬೆಳ್ಳಗಾದ ಹೆಂಗಸು. ಹೊರಗಿನವರ ಕಾಲಿಗೆ ಅಂಟಿಕೊಂಡೇ ಹುಳುವಿಗೆ ರೋಗ ಬರುವುದೆಂದು ತಿಳಿದವರು ಯಾರೋ ಹೇಳಿದ್ದರು. ಅಂದಿನಿಂದ ಹುಳುಮನೆಗೆ ಯಾರ ನೆರಳೂ ಬೀಳಗೊಡುತ್ತಿರಲಿಲ್ಲ.

ಹೋದ ಬೆಳೆಯ ಹುಳು ಪೂರ್ತಿ ಸತ್ತದ್ದು ಸೊಳ್ಳೆಗೆಂದು ಬಿಟ್ಟ ಹೊಗೆಯಿಂದ. ಈಗ ಮತ್ತೆ ಅದೇ ಹೊಗೆ ಬಿಡುವ ಮಿಷನ್ನು ಓಣಿಯ ಬಾಯಿಗೆ ಬಂದು ನಿಂತಿತ್ತು. ಒಳಗೆ ಹುಳು ಗೂಡು ಕಟ್ಟುವ ಹೊತ್ತು. ಸಿದ್ದಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಅಡ್ಡ ನಿಂತಳು.

"ಡೆಂಗೆ ಬಂದು ಮಲಗಿರೋದು ನಿಮ್ಮ ಪುಟ್ಟೀನೇ ಅಲ್ವಾ ಸಿದ್ದಮ್ಮೋರೆ?" ಎಂದಳು ಮಿಷನ್ ಜೊತೆ ಬಂದಿದ್ದ ಆಶಾ ಕಾರ್ಯಕರ್ತೆ ಜುವೇರಿಯಾ.

ಮೊಮ್ಮಗಳು ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿಕೊಂಡು ಮಲಗಿದ್ದಳು. ಆ ಮಾತು ಎದೆಗೆ ನಾಟಿತು, ಸಿಟ್ಟು ಇನ್ನಷ್ಟು ನೆತ್ತಿಗೇರಿತು.

"ನಿಮ್ಗೆ ಸೊಳ್ಳೆ ಬುಟ್ರೆ ಬ್ಯಾರೇದ್ ಕಾಣಕಿಲ್ಲ. ರೇಷ್ಮೆ ಆಪೀಸ್ನೋರ್ಗೆ ಹುಳ ಬುಟ್ರೆ ಬ್ಯಾರೇದ್ ಕಾಣಕಿಲ್ಲ. ಒಂದಿನಾನಾದ್ರೂ ಒಬ್ರನ್ನೊಬ್ರು ಕೇಳಿದ್ದೀರಾ?"

"ನೀವು ನಮ್ಮನ್ನ ಕೇಳಿದ್ದೀರಾ? ಎಲ್ಲರ ಮನೆ ಡ್ರಮ್ಮು, ತೊಟ್ಟಿ ನೋಡಾಯ್ತು, ಎಲ್ಲೂ ಸೊಳ್ಳೆಮರಿ ಇಲ್ಲ. ನಿಮ್ಮ ಹುಳುಮನೆ ಒಂದೇ ಉಳಿದಿರೋದು. ಬಾಗಿಲಿಗೇ ಬಿಡಲ್ವಲ್ಲ ನೀವು!"

ಸಿದ್ದಮ್ಮ ಹಲ್ಲು ಕಡಿಯುತ್ತಲೇ ಬ್ಲೀಚಿಂಗ್ ನೀರಿನಲ್ಲಿ ಜುವೇರಿಯಾಳ ಕೈಕಾಲು ತೊಳೆಸಿ ಒಳಗೆ ಬಿಟ್ಟಳು.

ಜುವೇರಿಯಾ ಹುಳುವಿನ ಕಡೆ ನೋಡಲೇ ಇಲ್ಲ. ಬಗ್ಗಿ, ಹುಳುವಿನ ಸ್ಟ್ಯಾಂಡಿನ ಕಾಲಿಗೆ ಮೊಬೈಲ್ ಬೆಳಕು ಬಿಟ್ಟಳು. ಇರುವೆ ಹತ್ತದಿರಲೆಂದು ಒಂದೊಂದು ಕಾಲನ್ನೂ ನೀರಿನ ಬಟ್ಟಲಲ್ಲಿ ಇಡುವುದು ಹುಳು ಸಾಕುವವರ ಪದ್ಧತಿ. ಆ ನೀರಿನಲ್ಲಿ ಸೊಳ್ಳೆಮರಿಗಳು ವಿಲವಿಲ ಒದ್ದಾಡುತ್ತಿದ್ದವು.

"ಹೊಗೆಗೆ ಹಾರೋ ಸೊಳ್ಳೆ ಸಾಯ್ತವೆ. ನೀರಲ್ಲಿರೋ ಇವು ಸಾಯಲ್ಲ, ನಾಳೆ ಹಾರ್ತವೆ," ಎಂದಳು.

ಸಿದ್ದಮ್ಮನ ಮೈ ಉರಿದುಹೋಯಿತು, ಬೈಯಲು ಮಾತ್ರ ಯಾರೂ ಸಿಗಲಿಲ್ಲ. ಬಟ್ಟಲಿಗೆ ನೀರು ತುಂಬುತ್ತಿದ್ದವಳು ಅವಳೇ. ಹುಳು ಸೊಪ್ಪು ಮೇಯುವ ಸದ್ದು ಕೇಳಲು ಪುಟ್ಟಿ ದಿನವೂ ಕೂರುತ್ತಿದ್ದದ್ದು ಅದೇ ಬಟ್ಟಲಿನ ಪಕ್ಕ. ಸಿದ್ದಮ್ಮ ಬಟ್ಟಲುಗಳನ್ನು ಒಂದೊಂದಾಗಿ ಎತ್ತಿಕೊಂಡು ಹೋಗಿ ನೀರನ್ನು ಅಂಗಳದ ಒಣಮಣ್ಣಿಗೆ ರಪ್ಪನೆ ಚೆಲ್ಲಿದಳು.

"ಈಗ ಇರುವೆ ಹತ್ತಿದ್ರೆ?" ಎಂದು ಜುವೇರಿಯಾಳನ್ನು ಕೇಳಿದಳು.

"ಅದು ನಂಗೆ ಗೊತ್ತಿಲ್ಲಮ್ಮ."

"ನಂಗೂ ಗೊತ್ತಿಲ್ಲ. ಮಿಷನ್ನೋನ್ಗೆ ಒಸಿ ನಿಲ್ಲು ಅನ್ನು. ರೇಷ್ಮೆ ಆಪೀಸ್ನೋರ್ಗೆ ಫೋನ್ ಹಾಕು, ಈಗ್ಲೇ ಬರ್ಲಿ. ಎಲ್ರೂ ಇಲ್ಲೇ ಕೂತ್ಕಳಿ. ನನ್ ಹುಳಾನೂ ಸಾಯ್ಬಾರ್ದು, ಇನ್ನೊಂದು ಮಗೂನೂ ಮಲಗ್ಬಾರ್ದು. ಅದಕ್ಕೊಂದು ದಾರಿ ಸಿಗೋಗಂಟ ಯಾರೂ ಏಳಂಗಿಲ್ಲ ಕಣವ್ವ, ನಾನೂ ಸೇರಿ!"