ಅಕ್ಕ ಕಟ್ಟಿಟ್ಟ ಬಿಳಿ ವೈರು

ನಮ್ಮಕ್ಕನ ಕಣ್ಣಿಗೆ ಬಿಡಿಬಿಡಿಯಾಗಿ ಬಿದ್ದಿರುವುದು ಯಾವುದೂ ಹಿಡಿಸುವುದಿಲ್ಲ. ಆಸ್ಪತ್ರೆಯ ಲಾಂಡ್ರಿಯಲ್ಲಿ ಒಗೆದ ಚಾದರಗಳನ್ನು ಹತ್ತು ಹತ್ತಾಗಿ ಮಡಿಸಿ ಕಟ್ಟುವುದು ಇಪ್ಪತ್ತೆರಡು ವರ್ಷದಿಂದ ಅವಳ ಕೆಲಸ. ಮನೆಗೆ ಬಂದರೂ ಆ ಕೈ ಸುಮ್ಮನಿರದು. ಹಳೇ ಪೇಪರು, ಮುರಿದ ಕೊಡೆ, ಎಲ್ಲಕ್ಕೂ ಒಂದು ಗಂಟು. "ಸುಮ್ನೆ ಕೂತ್ರೆ ನನ್ನನ್ನೂ ಕಟ್ಟಿ ಅಟ್ಟಕ್ಕೆ ಹಾಕ್ತಾಳೆ" ಎಂದು ಭಾವ ನಗುತ್ತಿದ್ದರು, ಮಾತು ಇದ್ದಾಗ.

ಆರು ತಿಂಗಳ ಹಿಂದೆ ಲಕ್ವ ಹೊಡೆದು ಭಾವನ ಮಾತು ಹೋಯಿತು. ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು, ಬಸ್ಸಿನ ಕೆಳಗೆ ಮಲಗಿಕೊಂಡೇ ಹಾಡುತ್ತಿದ್ದರು. ಸಂಜೆ ಮನೆಗೆ ಬಂದು ಅದೇ ಹಾಡುಗಳನ್ನು ಪುಟ್ಟ ಮ್ಯೂಸಿಕ್ ಪ್ಲೇಯರಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತಿದ್ದರು. ಮಾತು ಕಲಿಸುವ ಡಾಕ್ಟರು, "ಅವರದೇ ದನಿ ಕೇಳಿಸಿ ನೋಡಿ, ನಾಲಿಗೆ ತಿರುಗಿದ್ರೂ ತಿರುಗಬಹುದು" ಎಂದರಂತೆ. ಪ್ಲೇಯರಿನ ಇಯರ್‌ಫೋನ್ ತೂತು ಕೆಟ್ಟಿತ್ತು. ಹಾಡನ್ನು ಕಂಪ್ಯೂಟರಿಗೆ ಇಳಿಸುವುದೊಂದೇ ದಾರಿ. ನಾನು ಜೆರಾಕ್ಸ್ ಅಂಗಡಿಯವನು. ಹಾಳೂರಿಗೆ ಉಳಿದವನೇ ಗೌಡ ಅನ್ನುವಂತೆ, ನಮ್ಮ ಮನೆಗೆ ನಾನೇ ಇಂಜಿನಿಯರು.

ಭಾನುವಾರ ಮಧ್ಯಾಹ್ನ ಅಂಗಡಿಯ ಲ್ಯಾಪ್‌ಟಾಪ್ ಹೊತ್ತುಕೊಂಡು ಹೋದೆ. ಪಾಳಿ ಮುಗಿಸಿ ಬಂದ ಅಕ್ಕ ಮಲಗದೆ, ಭಾವನ ಆಸ್ಪತ್ರೆ ಕಾಗದಗಳ ಕಟ್ಟನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ನನ್ನ ವೈರು ಸಿಕ್ಕಿಸಿದರೆ ಪ್ಲೇಯರ್ ಚಾರ್ಜ್ ಆಯಿತು, ಕಂಪ್ಯೂಟರಿನಲ್ಲಿ ಮಾತ್ರ ಕಾಣಿಸಲಿಲ್ಲ. ಈ ತೂತಿಗೆ ಹಾಕಿದೆ, ಆ ತೂತಿಗೆ ಹಾಕಿದೆ, ಎರಡನ್ನೂ ಆರಿಸಿ ಮತ್ತೆ ಹಚ್ಚಿದೆ. ಒಂದೂವರೆ ಗಂಟೆ ಹೋಯಿತು. ಭಾವ ಕುರ್ಚಿಯಿಂದ ಎಡಗೈ ಚಾಚಿ ಉಂ ಉಂ ಎನ್ನುತ್ತಲೇ ಇದ್ದರು. ಅಕ್ಕ ಎರಡು ಸಲ ನೀರು ಕುಡಿಸಿದಳು.

"ಆಗಲ್ವೇನೋ?"

"ಈ ವೈರಲ್ಲಿ ಚಾರ್ಜ್ ಮಾತ್ರ ಹೋಗೋದು ಕಣಕ್ಕಾ, ಹಾಡು ದಾಟಲ್ಲ. ಅದರ ಜೊತೆ ಬಂದಿತ್ತಲ್ಲ, ಬಿಳೀದು, ಅದೆಲ್ಲಿ?"

"ನಂಗೇನ್ ಗೊತ್ತೋ! ಇದೊಂದು ಕೆಲಸಾನೂ ನನ್ನ ಕೈಲಾಗ್ಲಿಲ್ಲ. ಹೋಗ್ಲಿ, ಡಾಕ್ಟ್ರು ಬರೆದಿದ್ದಾದ್ರೂ ನೋಡು" ಎಂದು ಮಡಿಲಿನ ಕಟ್ಟನ್ನು ನನ್ನತ್ತ ತಳ್ಳಿದಳು.

ಆ ಕಾಗದದ ಕಟ್ಟಿಗೆ ಬಿಗಿದಿದ್ದು ಅದೇ ಬಿಳಿ ವೈರು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದಂತಾಗಿತ್ತು ನಮ್ಮ ಪಾಡು. ಭಾವ ಅಷ್ಟು ಹೊತ್ತಿನಿಂದ ತೋರಿಸುತ್ತಿದ್ದದ್ದು ಅದನ್ನೇ. ನನಗೆ ನಗುವಷ್ಟೂ ತ್ರಾಣವಿರಲಿಲ್ಲ.

ಗಂಟು ಬಿಚ್ಚಲು ಉಗುರು ಸಾಲದೆ ಹಲ್ಲು ಹಚ್ಚಬೇಕಾಯಿತು. ಈ ಸಲ ಕಂಪ್ಯೂಟರ್ ಟಿಣ್ ಎಂದಿತು. ನಲವತ್ತೊಂದು ಹಾಡು. ಮೊದಲನೆಯದನ್ನು ಒತ್ತಿದೆ. ಭಾವನ ತುಂಬು ದನಿ ಕೋಣೆಗೆ ಬಂತು. ಎರಡನೇ ಸಾಲು ಎತ್ತುವಷ್ಟರಲ್ಲಿ ನಡುವೆ ಅಕ್ಕನ ದನಿ: "ಸಾಕು ನಿಲ್ಸ್ರೀ, ದುಡಿದು ಬಂದಿದೀನಿ, ತಲೆ ಸಿಡೀತಿದೆ." ಹಾಡು ನಿಂತಿತು. ಮುಂದಿನದನ್ನು ಒತ್ತಿದೆ. ಅದರಲ್ಲೂ ಅರ್ಧಕ್ಕೆ, "ಸಾಕು ನಿಲ್ಸ್ರೀ."

ಅಕ್ಕ ಮುಖ ಮುಚ್ಚಿಕೊಂಡಳು. "ನನ್ನ ಮಾತನ್ನ ಕತ್ತರಿಸಿ ಹಾಕೋ."

ಭಾವ ಎಡಗೈ ಎತ್ತಿ ಬೇಡ ಎಂದು ಆಡಿಸಿದರು. ಅಕ್ಕ ಆ ಕೈ ಹಿಡಿದುಕೊಂಡಳು.

"ಹಾಡ್ರೀ, ಇನ್ಮೇಲೆ ನಿಲ್ಸಿ ಅನ್ನಲ್ಲ."

ಭಾವನ ತುಟಿ ಅಲ್ಲಾಡಿತು. ದನಿ ಬರಲಿಲ್ಲ.