ಆಯಿ ಎಂದರೆ ಓ ಎನ್ನುವವರು

ಮುಂಬೈಯಲ್ಲಿ ನಮ್ಮ ಮನೆಗೆ ಬಂದ ಮೊದಲ ಬೀಗರು ಕಾಲು ತೊಳೆದುಕೊಂಡ ನೀರು ಕೆಳಗಿನ ಮನೆಯ ಹೆಂಗಸಿನ ತಲೆಯ ಮೇಲೆ ಬಿತ್ತು. ನಮ್ಮ ಕಡೆ ಮನೆಗೆ ಬಂದ ನೆಂಟರೆಲ್ಲ ಬೀಗರೇ. ಅವರ ತಪ್ಪೇನಿಲ್ಲ. ನಮ್ಮೂರು ಉಮದಿಯಲ್ಲಿ ಬಂದವರ ಕೈಗೆ ಬಾಗಿಲಲ್ಲೇ ತಂಬಿಗೆ ನೀರು ಕೊಡುತ್ತೇವೆ. ಅವರು ಕಾಲಿಗೆ ಸುರಿದುಕೊಂಡು ಒಳಗೆ ಬರುತ್ತಾರೆ. ನೀರನ್ನು ಅಂಗಳದ ಮಣ್ಣು ಕುಡಿಯುತ್ತದೆ. ಇಲ್ಲಿ ನಾವಿರುವುದು ಚಾಳಿನ ಮೂರನೆಯ ಮಾಳಿಗೆಯಲ್ಲಿ. ಚಾಳೆಂದರೆ ಉದ್ದನೆಯ ಪಡಸಾಲೆಗೆ ಹತ್ತಿಕೊಂಡು ಒಂದೊಂದೇ ಕೋಣೆಯ ಮನೆಗಳಿರುವ ದೊಡ್ಡ ಕಟ್ಟಡ. ನನ್ನ ಗಂಡನ ಚಿಕ್ಕಪ್ಪ, ಸೋನ್ಯಾಳದ ಕಾಕಾ, ಪಡಸಾಲೆಯ ಅಂಚಿಗೆ ನಿಂತು ನೀರು ಸುರಿದುಕೊಂಡರು. ಕೆಳಗಿನ ಮಾಳಿಗೆಯ ಶಾಂತಾಬಾಯಿ ಆಗಷ್ಟೇ ಎರೆದುಕೊಂಡು, ಹೊರಗೆ ಬಗ್ಗಿ ಕೂದಲು ಒಣಗಿಸುತ್ತಿದ್ದಳು.

ಅವಳು ದಡದಡನೆ ಮೆಟ್ಟಿಲು ಹತ್ತಿ ಜಗಳಕ್ಕೇ ಬಂದಳು. ತಾವೇನು ಮಾಡಿದೆವೆಂಬುದು ಕಾಕಾರಿಗೆ ಗೊತ್ತೇ ಇರಲಿಲ್ಲ. “ಬರ್ರಿ ಬಾಯಾರ, ಕುಂದ್ರಿ” ಎಂದು ಚಾಪೆ ತೋರಿಸಿ, ಗಂಟು ಬಿಚ್ಚಿ, ಕಡಕ್ ರೊಟ್ಟಿಯ ಮೇಲೆ ಶೇಂಗಾ ಹಿಂಡಿ ಹಾಕಿ ಅವಳ ಕೈಗಿಟ್ಟರು. ಒದ್ದೆ ತಲೆಯಲ್ಲೇ ಕೂತು ತಿಂದಳು. ತಿಂದು ಮುಗಿಸಿ, ಕೋಣೆಯ ಮೂಲೆಯ ಬಚ್ಚಲು ತೋರಿಸಿ, ಇದನ್ನು ಮೋರಿ ಎನ್ನುತ್ತಾರೆ, ಕಾಲು ತೊಳೆಯುವುದು ಇಲ್ಲಿ ಎಂದು ಮರಾಠಿಯಲ್ಲಿ ಪಾಠ ಮಾಡಿದಳು. ಅಂದಿನಿಂದ ಈ ಊರಿನಲ್ಲಿ ನನಗೊಬ್ಬ ಗೆಳತಿ ಸಿಕ್ಕಳು.

ಬೀಗರು ಬಾರದಿದ್ದರೆ ನಾನು ಮುಂಬೈಯನ್ನೇ ನೋಡುತ್ತಿರಲಿಲ್ಲ. ನನ್ನ ಗಂಡನದು ಬಟ್ಟೆಯ ಗಿರಣಿಯ ಕೆಲಸ. ರಜೆ ಬಂದರೆ ಮಲಗಿಬಿಡುವ ಮನುಷ್ಯ. ಊರಿನವರು ಬಂದರೆ ಮಾತ್ರ ಏಳಲೇಬೇಕು. ಆಗ ಟ್ರಾಮು ಹತ್ತಿ ರಾಣಿಬಾಗೆಂಬ ಪ್ರಾಣಿಗಳ ತೋಟಕ್ಕೆ ಹೋಗಿ ಆನೆ ನೋಡುತ್ತೇವೆ, ಚೌಪಾಟಿಗೆ ಹೋಗಿ ಸಮುದ್ರ ನೋಡುತ್ತೇವೆ. ರಾಣಿಬಾಗಿನ ಆನೆಗೆ ಈಗ ನನ್ನ ಗುರುತು ಸಿಗುತ್ತದೆಯೆಂದು ನನ್ನ ಗುಮಾನಿ. ಚೌಪಾಟಿಯಲ್ಲಿ ಕಾಕಾ ಒಂದು ಬೊಗಸೆ ನೀರು ಬಾಯಿಗೆ ಹಾಕಿ ಉಗುಳಿದರು. “ಇಷ್ಟ ನೀರೈತಿ, ಒಂದ ಎತ್ತಿಗೆ ಕುಡಸಾಕ ಬರೂದಿಲ್ಲಲ್ಲವಾ!” ನಾನು ನಕ್ಕೆ. ಬೀಗರು ಹೊರಟ ಮರುದಿನ ಮಾತ್ರ ಕೋಣೆ ಭಣಭಣ ಎನ್ನುತ್ತದೆ. ಆಗ ರೊಟ್ಟಿಯ ಚೂರು ಹಿಡಿದು ಶಾಂತಾಬಾಯಿಯ ಬಾಗಿಲಿಗೆ ಇಳಿಯುತ್ತೇನೆ.

ನನ್ನ ಮಗಳು ನೀಲಾ ಬೆಳೆದದ್ದು ಆ ಬಾಗಿಲಲ್ಲೇ. ಶಾಂತಾಬಾಯಿಯ ಮಕ್ಕಳ ಮಾತೇ ಅವಳ ಮಾತಾಯಿತು. ಮೊದಲ ಸಲ ಬಾಯಿ ಬಿಟ್ಟು ನನ್ನನ್ನು ಕರೆದದ್ದು ‘ಆಯಿ’ ಎಂದು. ಮರಾಠಿಯಲ್ಲಿ ಆಯಿ ಎಂದರೆ ತಾಯಿ. ನಮ್ಮ ಕಡೆಯ ಕನ್ನಡದಲ್ಲಿ ಆಯಿ ಎಂದರೆ ಅಜ್ಜಿ.

ಕಳೆದ ಗಣೇಶ ಹಬ್ಬಕ್ಕೆ ಆ ಅಜ್ಜಿ, ನನ್ನ ಅತ್ತೆಯವರು, ಉಮದಿಯಿಂದ ಬಂದರು. ಬಂದ ದಿನವೇ ಮಾತು ತೆಗೆದರು: “ಈ ಡಬ್ಬಿಯಂಥಾ ಮನ್ಯಾಗ ಕೂಸು ಹೆಂಗ ಬೆಳೀಬೇಕು? ಸಾಲಿಗೆ ಹೋಗೂ ತನಕ ಊರಾಗ ನನ್ನ ಕಡೆ ಇರಲಿ. ಇಲ್ಲೇ ಇದ್ರ ನಮ್ಮ ಮಾತ ಮರೀತಾಳ.”

“ನೋಡೂಣು ತಡಿಯವ್ವಾ” ಎಂದು ನನ್ನ ಗಂಡ ಮಗ್ಗುಲಾದರು. ಮಗಳನ್ನು ಕಳಿಸಲು ನನಗೆ ಮನಸ್ಸಿರಲಿಲ್ಲ.

ಅಷ್ಟರಲ್ಲಿ ನೀಲಾ “ಆಯೀ” ಎಂದಳು. ನಾನು ಬಾಯಿ ತೆರೆಯುವ ಮೊದಲೇ ಮೂಲೆಯಲ್ಲಿ ಕೂತಿದ್ದ ಅತ್ತೆ “ಓ” ಎಂದರು. ಮೊಮ್ಮಗಳು ತಮ್ಮನ್ನೇ ಕರೆದಳೆಂದೇನೋ, ಮುಖ ಅರಳಿತ್ತು. ಮಗಳು ‘ಅವ್ವಾ’ ಎನ್ನುವುದನ್ನು ಕಲಿತೇ ಇಲ್ಲವೆಂದು ಇವರಿಗೆ ಗೊತ್ತಾದರೆ ಅವಳನ್ನು ಇಲ್ಲಿ ಬಿಟ್ಟು ಹೋಗುವುದಿಲ್ಲ ಎಂದುಕೊಂಡೆ. ಹಾಗಾಗಿ ಅಂದಿನಿಂದ ಮಗಳು ಕರೆದಾಗಲೆಲ್ಲ ತುಟಿ ಕಚ್ಚಿ ಸುಮ್ಮನಿದ್ದೆ. ಅತ್ತೆ ಓ ಎನ್ನುತ್ತಿದ್ದರು. ಹೆತ್ತವಳಿಗೆ ಅದು ಸಣ್ಣ ಸಂಕಟವಲ್ಲ.

ಹಬ್ಬದ ಸಂಜೆ ಚಾಳಿನ ಅಂಗಳದಲ್ಲಿ ಮೇಳಾ ಇತ್ತು. ಚಾಳಿನವರೇ ಹಾಡಿ ಕುಣಿದು ತೋರಿಸುವ ಕಾರ್ಯಕ್ರಮ. ಲೇಜಿಮಿನ ಕುಣಿತ, ಹಲಗಿಯ ಬಡಿತ ಶುರುವಾದವು. ಊರಿನ ಹಲಗಿಯ ಹಾಗೇ ಇದೆಯೆಂದು ಅತ್ತೆ ಖುಷಿಯಾಗಿ ತಲೆದೂಗುತ್ತಿದ್ದರು. ಶಾಂತಾಬಾಯಿಯ ತೊಡೆಯ ಮೇಲಿದ್ದ ನೀಲಾ ಸದ್ದಿಗೆ ಬೆದರಿ “ಆಯೀ!” ಎಂದು ಚೀರಿ ಓಡಿ ಬಂದಳು. ಅತ್ತೆ ಎರಡೂ ಕೈ ಚಾಚಿದರು. ಅವಳು ಆ ಕೈಗಳ ಪಕ್ಕದಿಂದ ನುಸುಳಿ ಬಂದು ನನ್ನ ಕೊರಳಿಗೆ ಜೋತುಬಿದ್ದಳು.

ಅತ್ತೆಯ ಕೈಗಳು ಹಾಗೇ ಉಳಿದವು. ನನಗೆ ತಲೆಯೆತ್ತಲಾಗಲಿಲ್ಲ.

“ಅತ್ತೀ, ಇಲ್ಲೆ ಆಯಿ ಅಂದ್ರ...”

“ಅವ್ವ. ಗೊತ್ತೈತಿ” ಎಂದರು ಅತ್ತೆ. “ಮರಾಠಿ ಮಂದಿ ಜೋಡಿ ಜತ್ತದ ಪ್ಯಾಟಿ ಮಾಡಿ ಮುದುಕಿ ಆಗೀನಿ, ಅಷ್ಟ ಮರಾಠಿ ನನಗ ಬರೂದಿಲ್ಲೇನ?”

“ಮತ್ತ ಓ ಅಂತಿದ್ರಿ?”

“ಕೂಸು ಕರೀತಿತ್ತು. ನೀ ಸುಮ್ನ ಕುಂತಿದ್ದಿ. ಯಾರರೆ ಓ ಅನಬೇಕಲ್ಲ?” ಸೆರಗಿನಿಂದ ಕಣ್ಣೊರೆಸಿಕೊಂಡು ನೀಲಾಳ ಬೆನ್ನು ಸವರಿದರು. “ಕೂಸು ನಿನ್ನ ಬಿಟ್ಟ ಇರೂದಿಲ್ಲ. ಇಲ್ಲೇ ಇರಲಿ. ಆದ್ರ ಸುಗ್ಗಿಗೆ ಊರಿಗೆ ಕರಕೊಂಡ ಬಾ. ನಿನಗ ಅವ್ವಾ ಅನ್ನೂದ ನಾ ಕಲಸ್ತೀನಿ.”

ಅತ್ತೆ ಒಬ್ಬರೇ ಊರಿಗೆ ಹೋದರು. ನಾನು ಇಲ್ಲಿ ಚೆನ್ನಾಗಿದ್ದೇನೆ. ನಾಳೆ ಬೀಗರು ಬರುತ್ತಾರೆ, ಮತ್ತೆ ರಾಣಿಬಾಗು, ಮತ್ತೆ ಅದೇ ಆನೆ. ಈಗ ನೀಲಾ “ಆಯೀ” ಎಂದರೆ ನಾನೇ ಓ ಎನ್ನಬೇಕು, ಎನ್ನುತ್ತೇನೆ. ಆದರೆ ಅದಕ್ಕೂ ಮೊದಲು ಒಂದು ಗಳಿಗೆ ತಡೆದು ಅತ್ತೆ ಕೂರುತ್ತಿದ್ದ ಆ ಮೂಲೆಯತ್ತ ನೋಡುತ್ತೇನೆ, ಅಲ್ಲಿಂದ ಯಾರಾದರೂ ಓ ಅಂದಾರೇನೋ ಎಂದು.