ಪಾಸು ಇದ್ದವರಿಗೆ ಕೆಲಸ

ಚನ್ನಗಿರಿಯ ನಮ್ಮ ತಾಲ್ಲೂಕು ಕಚೇರಿಯ ಹೆಡ್ ಗುಮಾಸ್ತರು ನೌಕರರ ಬಸ್ ಪಾಸನ್ನು ಎಂದೂ ಪರೀಕ್ಷಿಸಿದವರಲ್ಲ. ಕೋಟಿನ ಗುಂಡಿ ಹಾಕಿಕೊಂಡು, “ಪಾಸು ಐತಾ? ಹಂಗಾದ್ರೆ ಕೆಲಸಾನೂ ಐತೆ, ಬರ್ರಿ” ಎನ್ನುತ್ತಿದ್ದರು.

ಒಮ್ಮೆ ಬಸ್ಸಿನಲ್ಲಿ ಜರಿ ರುಮಾಲಿನ ಯುವಕನೊಬ್ಬ ಕಂಡಕ್ಟರಿಗೆ ನಮ್ಮ ಸರ್ವೇಯರರ ಪಾಸು ತೋರಿಸಿದ. ನಮ್ಮ ಸರ್ವೇಯರೋ ತಲೆ ನರೆತವರು. ಪಕ್ಕದಲ್ಲೇ ಕೂತಿದ್ದ ಗುಮಾಸ್ತರು ಪಾಸನ್ನು ಇಸಿದುಕೊಂಡು, ಕೋಟಿನ ಗುಂಡಿ ಹಾಕಿಕೊಂಡರು.

“ಒಳ್ಳೇದಾತು ಸರ್ವೇಯರೇ, ಇಲ್ಲೇ ಇಳೀರಿ. ಗದ್ದೆ ಅಳೆಯಾಕೈತೆ. ಸರಪಳಿ ಎಳೀರಿ.”

ಯುವಕ ಕೈಮುಗಿದ. “ನಾನು ಅವರ ಭಾಮೈದ ಸ್ವಾಮಿ. ತ್ಯಾವಣಿಗೇಲಿ ಹೆಣ್ಣು ನೋಡಾಕೆ ಹೊಂಟೀನಿ. ಈ ಸಂಬಂಧ ತಪ್ಪಿಸಬ್ಯಾಡ್ರಿ.”

“ನಾನ್ಯಾಕೆ ತಪ್ಪಿಸಲಿ? ಟಿಕೆಟ್ ತಗೊಂಡು ಹೋಗ್ರಿ,” ಎಂದು ಗುಮಾಸ್ತರು ಪಾಸನ್ನು ಜೇಬಿಗೆ ಹಾಕಿಕೊಂಡರು.

ಹಿಂದಿನ ಸೀಟಿನಿಂದ ಅಜ್ಜಿಯೊಬ್ಬರು ಕೂಗಿದರು: “ಟಿಕೆಟ್ ಬ್ಯಾಡ ಕಣಪ್ಪಾ, ಊರಿಗೆ ತಿರುಗಿ ಹೋಗು. ಆ ಹುಡುಗಿ ನನ್ನ ಮೊಮ್ಮಗಳು. ಗಂಡು ನೋಡೋದು ಆತು.”